ಕಾದಂಬರಿಯೇ ಥೀಸಿಸ್ ಆದರೆ

1963ರಲ್ಲಿ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು, ಪಿಎಚ್.ಡಿ. ಮಾಡುವುದಕ್ಕೆ. ಅಲ್ಲಿ ಅವರಿಗೆ ಸಿಕ್ಕ ಮೇಷ್ಟ್ರು ಮಾಲ್ಕಮ್ ಬ್ರಾಡ್ಬರಿ, ಸ್ವತಃ ಕಾದಂಬರಿಕಾರ. ಒಂದು ದಿನ ಇಬ್ಬರೂ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಸಿನಿಮಾ ನೋಡಿದರು, ಯುರೋಪಿನ ಮಧ್ಯಯುಗದ ಕತೆ. ಸ್ವೀಡಿಷ್ ಮಾತು, ಕೆಳಗೆ ಸಬ್‌ಟೈಟಲ್ ಇಲ್ಲ. ಮುಗಿದ ಮೇಲೆ ಅನಂತಮೂರ್ತಿ ಅಂದದ್ದರ ಸಾರ ಇಷ್ಟು: ನಿಮ್ಮವರು ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು, ನಮ್ಮಲ್ಲಿ ಅದು ಇನ್ನೂ ಬದುಕಿದೆ. ಹಾಗಾದರೆ ಅದನ್ನೇ ಬರೆಯಬಾರದೇಕೆ ಅಂತ ಕೇಳಿದರು ಬ್ರಾಡ್ಬರಿ. ಈ ಪ್ರಸಂಗವನ್ನು ಅನಂತಮೂರ್ತಿ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಹಾಗೆ ಹುಟ್ಟಿದ್ದು ‘ಸಂಸ್ಕಾರ’. ಅದು ಅಚ್ಚಾದದ್ದು 1965ರಲ್ಲಿ. ಮರುವರ್ಷ ಪಿಎಚ್.ಡಿ. ಕೂಡ ಬಂತು.

ಪಿಎಚ್.ಡಿ. ಬಂದದ್ದು ‘ಸಂಸ್ಕಾರ’ಕ್ಕಲ್ಲ. 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಬಗ್ಗೆ ಬರೆದ ಥೀಸಿಸ್‌ಗೆ. ಆ ಥೀಸಿಸನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ ಹೇಳಿ? ಒಂದೇ ಊರು, ಒಂದೇ ಮೇಜು, ಎರಡು ಬರವಣಿಗೆ. ಯೂನಿವರ್ಸಿಟಿ ಕಣ್ಣಿಗೆ ಬಿದ್ದದ್ದು ಒಂದೇ.

ಇವತ್ತು ‘ಕ್ರಿಯೇಟಿವ್ ರೈಟಿಂಗ್’ನಲ್ಲಿ, ಅಂದರೆ ಕತೆ ಕವಿತೆ ಬರೆಯುವುದರಲ್ಲಿ, ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಅಥವಾ ಎಂ.ಎ. ಅನ್ನುತ್ತಾರಲ್ಲ, ಅದರ ತಿರುಳು ಇಲ್ಲಿದೆ. ಆ ಕೋರ್ಸಿನಲ್ಲಿ ಕಾದಂಬರಿಯೇ ಥೀಸಿಸ್. ಕಾದಂಬರಿಯ ಬಗ್ಗೆ ಬರೆಯುವುದಲ್ಲ, ಕಾದಂಬರಿಯನ್ನೇ ಬರೆದು ಒಪ್ಪಿಸುವುದು. ಕಥಾಸಂಕಲನ, ಕವನಸಂಕಲನ, ಪ್ರಬಂಧಗಳ ಪುಸ್ತಕವೂ ಆದೀತು. ಸ್ವಾರಸ್ಯವೆಂದರೆ, ಅದೇ ಬ್ರಾಡ್ಬರಿ ಬರ್ಮಿಂಗ್‌ಹ್ಯಾಮ್ ಬಿಟ್ಟು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಸೇರಿ, ಇನ್ನೊಬ್ಬ ಕಾದಂಬರಿಕಾರ ಆಂಗಸ್ ವಿಲ್ಸನ್ ಜೊತೆ 1970ರಲ್ಲಿ ಬ್ರಿಟನ್ನಿನ ಮೊದಲ ಇಂಥ ಎಂ.ಎ. ಶುರುಮಾಡಿದರು. ಆ ವರ್ಷ ಕತೆ ಬರೆಯುವ ದಾರಿ ಹಿಡಿದು ಬಂದವನು ಒಬ್ಬನೇ ಹುಡುಗ, ಮುಂದೆ ದೊಡ್ಡ ಕಾದಂಬರಿಕಾರನಾದ ಇಯಾನ್ ಮೆಕ್‌ಇವಾನ್. ಹತ್ತು ವರ್ಷದ ನಂತರ ಅಲ್ಲೇ ಓದಿದ ಕಜುವೊ ಇಶಿಗುರೊಗೆ 2017ರಲ್ಲಿ ನೊಬೆಲ್ ಬಂತು.

ನಾನು ಇದರ ಬಗ್ಗೆ ತಲೆ ಕೆಡಿಸಿಕೊಂಡದ್ದು ನನ್ನ ತಂಗಿಯ ಮಗಳ ದೆಸೆಯಿಂದ. ಇಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವಳು, ಒಂದು ದಿನ ಊಟಕ್ಕೆ ಕೂತಾಗ, “ನಾನು ಅಮೆರಿಕದಲ್ಲಿ ಎಂ.ಎಫ್.ಎ.ಗೆ ಅರ್ಜಿ ಹಾಕ್ತೀನಿ, ದೊಡ್ಡಮ್ಮ” ಅಂದಳು. ಏನದು ಅಂತ ನಮ್ಮಮ್ಮ ಕೇಳಿದರು. ಕತೆ ಬರೆಯುವುದನ್ನು ಓದೋದು ಅಜ್ಜಿ, ಅಂದಳು. ಅಮ್ಮ ಸಾರಿನ ಸೌಟು ಕೆಳಗಿಟ್ಟು ನಕ್ಕರು. “ಕತೆ ಹೇಳೋಕೂ ಡಿಗ್ರಿನಾ? ನಂಗೆ ಯಾರು ಕೊಟ್ರೇ?”

ಅಮ್ಮನ ಪ್ರಶ್ನೆಗೆ ಕನ್ನಡದಲ್ಲಿ ಸಾವಿರದ ನೂರು ವರ್ಷಕ್ಕೂ ಹಿಂದಿನ ಬೆಂಬಲ ಇದೆ. ಕವಿರಾಜಮಾರ್ಗ ನಮ್ಮ ಜನರನ್ನು ಹೊಗಳುವುದೇ “ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್” ಅಂತ. ಕೂತು ಓದದಿದ್ದರೂ ಕಾವ್ಯ ಕಟ್ಟುವುದರಲ್ಲಿ ಪಳಗಿದವರು ಎಂದರ್ಥ. ಆದರೆ ಆ ಮಾತು ಬರುವ ಪುಸ್ತಕ ಯಾವುದು? ಕವಿತೆಯಲ್ಲಿ ಯಾವುದು ದೋಷ, ಯಾವುದು ಗುಣ, ಯಾವ ಪದದ ಪಕ್ಕ ಯಾವ ಪದ ಹೊಂದುವುದಿಲ್ಲ ಎಂದು ಉದಾಹರಣೆ ಸಮೇತ ಹೇಳಿಕೊಡುವ ಪಾಠಪುಸ್ತಕ! ಓದದೆ ಬರುತ್ತದೆ ಅಂತಲೂ ಹೇಳುವುದು, ಓದಿಸುವುದಕ್ಕೂ ಕೂರುವುದು. ಈ ಡಿಗ್ರಿಯ ಸುತ್ತಲಿನ ಜಗಳವೂ ಇದೇ.

ಅಮೆರಿಕದಲ್ಲಿ ಇದು ಶುರುವಾದದ್ದು ಹಾರ್ವರ್ಡಿನಲ್ಲೋ ನ್ಯೂಯಾರ್ಕಿನಲ್ಲೋ ಅಲ್ಲ, ಜೋಳದ ಹೊಲಗಳ ನಡುವಿನ ಅಯೋವಾದಲ್ಲಿ. 1922ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಡೀನ್ ಕಾರ್ಲ್ ಸೀಶೋರ್ ಒಂದು ನಿರ್ಧಾರ ಪ್ರಕಟಿಸಿದರು: ಇನ್ನು ಮೇಲೆ ಸ್ನಾತಕೋತ್ತರ ಪದವಿಗೆ ಸೃಜನಶೀಲ ಕೃತಿಯನ್ನೂ ಥೀಸಿಸ್ ಎಂದು ಸ್ವೀಕರಿಸುತ್ತೇವೆ. ಕತೆ, ಕವಿತೆ, ಸಂಗೀತ, ಚಿತ್ರ, ಎಲ್ಲವೂ. 1936ರಲ್ಲಿ ವಿಲ್ಬರ್ ಶ್ರಾಮ್ ನೇತೃತ್ವದಲ್ಲಿ ‘ರೈಟರ್ಸ್ ವರ್ಕ್‌ಶಾಪ್’ ಹುಟ್ಟಿತು. ಅದನ್ನು ನಿಜವಾಗಿ ಬೆಳೆಸಿದವರು ಪಾಲ್ ಎಂಗಲ್. ಅವರೇ ಅಲ್ಲಿ ತಮ್ಮ ಕವಿತೆಗಳನ್ನು ಕೊಟ್ಟು ಎಂ.ಎ. ಪಡೆದಿದ್ದವರು. 1941ರಿಂದ 1965ರವರೆಗೆ ನಡೆಸಿದರು. ಎರಡನೇ ಮಹಾಯುದ್ಧ ಮುಗಿದು, ಯುದ್ಧದಿಂದ ಬಂದವರ ಓದಿಗೆ ಸರ್ಕಾರ ಹಣ ಕೊಡತೊಡಗಿದಾಗ, ಮಾಜಿ ಸೈನಿಕರು ಕತೆ ಬರೆಯುವುದಕ್ಕೆ ಬಂದು ಸೇರಿದರು. ಕ್ಲಾಸುಗಳು ನಡೆದದ್ದು ನದಿ ದಂಡೆಯ ತಗಡಿನ ಶೆಡ್ಡುಗಳಲ್ಲಿ. ಸೈನ್ಯಕ್ಕೆಂದು ಮಾಡಿದ್ದ ಶೆಡ್ಡುಗಳವು.

ಆ ಕಾಲದ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. 1945ರ ಸುಮಾರಿಗೆ ಎಂಗಲ್ ಅವರ ಆಫೀಸಿಗೆ ಒಬ್ಬ ಹುಡುಗಿ ಬಂದಳು. ಜಾರ್ಜಿಯಾದವಳು. ಅವಳ ದಕ್ಷಿಣದ ಇಂಗ್ಲಿಷ್ ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಮೂರು ಸಲ ಕೇಳಿ ಸುಸ್ತಾಗಿ, ಬರೆದು ಕೊಡಮ್ಮ ಅಂದರು. ಅವಳು ಬರೆದಳು: ನನ್ನ ಹೆಸರು ಫ್ಲಾನರಿ ಒಕಾನರ್. ನಾನು ಪತ್ರಕರ್ತೆಯಲ್ಲ. ವರ್ಕ್‌ಶಾಪಿಗೆ ಬರಬಹುದೇ? 1947ರಲ್ಲಿ ಎಂ.ಎಫ್.ಎ. ಮುಗಿಸಿದ ಆಕೆ ಅಮೆರಿಕದ ದೊಡ್ಡ ಕತೆಗಾರ್ತಿಯರಲ್ಲಿ ಒಬ್ಬಳಾದಳು. ನಮ್ಮ ಕಡೆ ಮಂಗಳೂರಿನ ಹುಡುಗಿ ಧಾರವಾಡಕ್ಕೆ ಹೋದ ಹಾಗಿದೆ, ಅಲ್ವಾ?

ಈಗ ಅಮೆರಿಕದಲ್ಲಿ ಇಂಥ ಕೋರ್ಸುಗಳು ನೂರಾರು. ಅಯೋವಾದ ಅಧಿಕೃತ ನಿಲುವು ಮಾತ್ರ ಇವತ್ತಿಗೂ ಮಜವಾಗಿದೆ. ಬರೆಯುವುದನ್ನು ಕಲಿಸಲಾಗದು ಎಂಬ ಜನಪ್ರಿಯ ಮಾತನ್ನು ಒಂದು ಮಟ್ಟಿಗೆ ಒಪ್ಪುತ್ತೇವೆ, ಆದರೆ ಇರುವ ಪ್ರತಿಭೆಯನ್ನು ಬೆಳೆಸಬಹುದು ಎಂದು ನಂಬಿ ನಡೆಯುತ್ತೇವೆ, ಎಂಬರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕಲಿಸಲಾಗದು ಅನ್ನುವುದನ್ನು ಒಪ್ಪಿಕೊಂಡೇ ಡಿಗ್ರಿ ಕೊಡುವ ಇಲಾಖೆ ಬೇರೆಲ್ಲಿದೆ!

ಕಲಿಸುವುದಿಲ್ಲ ಅಂದರೆ ಮತ್ತೇನು ಮಾಡುತ್ತಾರೆ?

ಓದುತ್ತಾರೆ. ನಿಮ್ಮದನ್ನು. ಅಮೆರಿಕದಲ್ಲಿ ಈ ಕೋರ್ಸು ಎರಡು ಅಥವಾ ಮೂರು ವರ್ಷದ್ದು. ಸಾಹಿತ್ಯದ ಕೆಲವು ಕ್ಲಾಸು ಇರುತ್ತವೆ. ‘ಕ್ರಾಫ್ಟ್’ ಅಂತ ಕಸುಬಿನ ಕ್ಲಾಸು ಇರುತ್ತದೆ. ಅಲ್ಲಿ ಚೆಕಾಫನನ್ನೋ ಆಲಿಸ್ ಮುನ್ರೋವನ್ನೋ ವಿಮರ್ಶಕನ ಕಣ್ಣಲ್ಲಿ ನೋಡುವುದಿಲ್ಲ. ಗಡಿಯಾರ ಬಿಚ್ಚುವ ರಿಪೇರಿಯವನ ಹಾಗೆ ನೋಡುತ್ತಾರೆ: ಇಲ್ಲಿ ಹತ್ತು ವರ್ಷ ಒಂದೇ ವಾಕ್ಯದಲ್ಲಿ ಹೇಗೆ ಹಾರಿದಳು? ಈ ಮುದುಕಿಯ ಹೆಸರನ್ನು ಮೂರನೇ ಪುಟದವರೆಗೆ ಯಾಕೆ ಹೇಳಲಿಲ್ಲ? ಆದರೆ ಬೆನ್ನೆಲುಬು ವರ್ಕ್‌ಶಾಪ್. ವಾರಕ್ಕೊಮ್ಮೆ ಎರಡೂವರೆ ಮೂರು ಗಂಟೆ, ಹತ್ತು ಹನ್ನೆರಡು ಜನ, ಒಬ್ಬ ಮೇಷ್ಟ್ರು. ಈ ವಾರ ಇಬ್ಬರ ಕತೆ ಅಂತ ಮೊದಲೇ ನಿಗದಿ. ಒಂದು ವಾರ ಮುಂಚೆ ಎಲ್ಲರಿಗೂ ಪ್ರತಿ ಹೋಗುತ್ತದೆ. ಎಲ್ಲರೂ ಓದಿ, ಸಾಲು ಸಾಲಿಗೂ ಪಕ್ಕದಲ್ಲಿ ಗುರುತು ಹಾಕಿ, ಕೊನೆಗೆ ಒಂದೆರಡು ಪುಟದ ಕಾಗದ ಬರೆದು ತರಬೇಕು. ಕ್ಲಾಸಿನಲ್ಲಿ ಆ ಕತೆಯ ಬಗ್ಗೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮಾತು. ಬರೆದವರು ಅಷ್ಟು ಹೊತ್ತೂ ಬಾಯಿ ಬಿಡುವ ಹಾಗಿಲ್ಲ. ಹಳೇ ನಿಯಮ ಅದು.

ಈ ಬಾಯಿ ಮುಚ್ಚುವ ನಿಯಮಕ್ಕೆ ಒಂದು ತರ್ಕ ಇದೆ. ಪುಸ್ತಕ ಅಚ್ಚಾಗಿ ರಾಯಚೂರಿನಲ್ಲಿ ಯಾರೋ ಓದುವಾಗ, ನೀವು ಪಕ್ಕದಲ್ಲಿ ಕೂತು “ಅದು ಹಾಗಲ್ಲ, ನಾನು ಹೇಳಬೇಕು ಅಂದ್ಕೊಂಡಿದ್ದು...” ಅನ್ನುವುದಕ್ಕೆ ಆಗುವುದಿಲ್ಲವಲ್ಲ. ಹಾಳೆಯ ಮೇಲೆ ಇರುವುದಷ್ಟೇ ಇದೆ. ಅದು ಎಷ್ಟು ತಲುಪಿತು ಅನ್ನುವುದನ್ನು ಸುಮ್ನೆ ಕೂತು ಕೇಳಿ ಅಂತ.

ವರ್ಕ್‌ಶಾಪಿನ ಮೇಜಿನ ಮೇಲೆ ಏನು ನಡೆಯುತ್ತದೆ ಅನ್ನುವುದನ್ನು ಒಂದು ಸಣ್ಣ ತುಣುಕಿನಲ್ಲಿ ತೋರಿಸುತ್ತೇನೆ. ನನ್ನದೇ, ಈಗಷ್ಟೇ ಬರೆದದ್ದು:

“ಗಂಡ ತೀರಿಕೊಂಡ ಮೇಲೆ ಸರೋಜಮ್ಮನಿಗೆ ತುಂಬಾ ಒಂಟಿತನ ಕಾಡಿತು. ಮನೆಯಲ್ಲಿ ಯಾರೂ ಇರಲಿಲ್ಲ. ಹಳೆಯ ನೆನಪು ಬಂದು ಕಣ್ಣು ತುಂಬಿತು. ಜೀವನ ಎಷ್ಟು ಕ್ರೂರ ಎನಿಸಿತು.”

ಇದಕ್ಕೆ ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ. ಪ್ರಶ್ನೆ ಕೇಳುತ್ತಾರೆ. ತೀರಿಕೊಂಡು ಎಷ್ಟು ದಿನವಾಯಿತು? ಬೆಳಗ್ಗೆಯೋ ರಾತ್ರಿಯೋ? ಆ ಹೊತ್ತಿಗೆ ದಿನಾ ಏನು ಮಾಡುತ್ತಿದ್ದರು? ‘ಜೀವನ ಕ್ರೂರ’ ಅಂದದ್ದು ಸರೋಜಮ್ಮನೋ, ನೀವೋ? ಹದಿನೈದು ದಿನ ಬಿಟ್ಟು ಅದೇ ತುಣುಕು ಹೀಗೆ ವಾಪಸ್ ಬರಬಹುದು:

“ವೈಕುಂಠ ಸಮಾರಾಧನೆ ಮುಗಿಸಿ ಕೊನೆಯ ನೆಂಟರು ಏಳೂವರೆ ಬಸ್ಸಿಗೆ ಹೊರಟರು. ಸರೋಜಮ್ಮ ಹಾಲು ಕಾಯಿಸಿ ಡಿಕಾಕ್ಷನ್ ಬೆರೆಸಿ ಎರಡು ಲೋಟಕ್ಕೆ ಹಾಕಿದರು. ಒಂದನ್ನು ಕುಡಿದರು. ಇನ್ನೊಂದು ಕೆನೆ ಕಟ್ಟುವವರೆಗೆ ನೋಡುತ್ತಾ ಕೂತು, ಅದನ್ನೂ ಕುಡಿದರು.”

ವಾಸಿ ಆಯಿತು, ಅಲ್ವಾ? ದುಃಖ ಎಂಬ ಪದವಿಲ್ಲ, ದುಃಖ ಇದೆ. ಈಗ ಎರಡನೇ ಸಲ ನೋಡಿ. ಆ ಎರಡು ಲೋಟದ ಕಾಫಿಯನ್ನು ನೀವು ಎಲ್ಲೋ ಓದಿದ ಹಾಗಿಲ್ಲವೇ? ಓದಿರುತ್ತೀರಿ. ಸಿನಿಮಾದಲ್ಲೂ ನೋಡಿರುತ್ತೀರಿ. ಹೇಳಬೇಡ, ತೋರಿಸು ಎಂಬ ಮಂತ್ರ ಜಾಸ್ತಿ ಜಪಿಸಿದರೆ ಎಲ್ಲರ ಕತೆಯಲ್ಲೂ ಇಂಥ ಲೋಟಗಳೇ ಸಾಲಾಗಿ ಕೂರುತ್ತವೆ. ‘ವರ್ಕ್‌ಶಾಪ್ ಕತೆ’ ಅಂತ ಜನ ಮೂಗು ಮುರಿಯುವುದು ಇಂಥದ್ದಕ್ಕೆ. ಅಚ್ಚುಕಟ್ಟು, ತಪ್ಪಿಲ್ಲ, ಜೀವ ಕಡಿಮೆ. ಒಳ್ಳೇ ಮೇಷ್ಟ್ರು ಇಲ್ಲಿಗೆ ಬಿಡುವುದಿಲ್ಲ. ಸರೋಜಮ್ಮನಿಗೆ ಮಾತ್ರ ಆಗಬಹುದಾದದ್ದು ಯಾವುದು ಅಂತ ಕೆದಕುತ್ತಾರೆ. ನಾಲ್ಕನೇ ಪ್ರತಿಯಲ್ಲಿ ಸರೋಜಮ್ಮ ಗಂಡನ ಮಾತ್ರೆ ಡಬ್ಬಿ ತೆಗೆದು, ಉಳಿದ ಬಿ.ಪಿ. ಮಾತ್ರೆ ಎಣಿಸಿ, ಮೆಡಿಕಲ್ ಶಾಪಿನವನು ವಾಪಸ್ ತಗೊಳ್ತಾನಾ ಅಂತ ಯೋಚಿಸಬಹುದು. ಅಲ್ಲಿಗೆ ಒಬ್ಬ ಮನುಷ್ಯಳು ಬಂದಳು.

ನನಗೆ ಕಂಡ ಮಟ್ಟಿಗೆ ಈ ಡಿಗ್ರಿ ಕೊಡುವುದು ಎರಡೇ: ಹೊತ್ತು, ಮತ್ತು ಓದಲೇಬೇಕಾದ ಓದುಗರು. ಎರಡನೆಯದು ಎಷ್ಟು ಅಪರೂಪ ಅಂತ ಬರೆಯುವವರಿಗೆ ಗೊತ್ತು. ಬೆಂಗಳೂರಿನಲ್ಲಿ ಒಮ್ಮೆ ಎರಡು ದಿನದ ಕಥಾಕಮ್ಮಟಕ್ಕೆ ದುಡ್ಡು ಕಟ್ಟಿ ಹೋಗಿದ್ದೆ. ಹದಿನೈದು ದಿನ ಮುಂಚೆಯೇ ಕತೆ ಕಳಿಸಿ ಅಂದಿದ್ದರು, ಕಳಿಸಿದ್ದೆ. ಉದ್ಘಾಟನೆ ಆಯಿತು, ಶಾಲು ಆಯಿತು, ಸೃಜನಶೀಲತೆ ಎಂದರೇನು ಎಂದು ಮೂರು ಭಾಷಣ ಆಯಿತು, ಊಟಕ್ಕೆ ಹೋಳಿಗೆ ಇತ್ತು. ನನ್ನ ಕತೆಯನ್ನು ಯಾರೂ ತೆರೆದೂ ನೋಡಿರಲಿಲ್ಲ. ಸರ್ಟಿಫಿಕೇಟು ಇನ್ನೂ ಇದೆ, ಬೀರುವಿನಲ್ಲಿ.

ಹಾಗಂತ ಅಲ್ಲಿನ ವರ್ಕ್‌ಶಾಪು ನಮ್ಮವರಿಗೆ ಹೂವಿನ ಹಾಸಿಗೆಯೇನಲ್ಲ. ನಮ್ಮ ಹುಡುಗಿ, ಅದೇ ತಂಗಿಯ ಮಗಳು, ಅಮೆರಿಕದಲ್ಲಿ ಸೀಟು ಸಿಕ್ಕಿ ಹೋದ ಮೊದಲ ವರ್ಷ ಒಂದು ಕತೆ ಕೊಟ್ಟಳು. ಅತ್ತೆ, ಸೊಸೆ. ಇಪ್ಪತ್ತು ವರ್ಷ ಅತ್ತೆಯನ್ನು ‘ನೀವು’ ಅಂತಲೇ ಕರೆದ ಸೊಸೆ, ಆಸ್ಪತ್ರೆಯ ಮಂಚದ ಪಕ್ಕ ಕೂತು, ಕೊನೆಗೆ ಒಂದು ಸಲ, “ನೀನು ಹೆದರಬೇಡ” ಅನ್ನುತ್ತಾಳೆ. ಕತೆ ಮುಗಿಯಿತು. ನಾವಾದರೆ ಅಲ್ಲಿ ಒಂದು ಕ್ಷಣ ಪುಸ್ತಕ ಮುಚ್ಚುತ್ತೇವೆ. ಇಂಗ್ಲಿಷಿನಲ್ಲಿ ‘ನೀವು’ ಕೂಡ ‘ಯೂ’, ‘ನೀನು’ ಕೂಡ ‘ಯೂ’. ಹನ್ನೊಂದು ಜನರಲ್ಲಿ ಒಂಬತ್ತು ಜನ ಬರೆದದ್ದು ಒಂದೇ: ಕೊನೆಯಲ್ಲಿ ಏನೂ ಆಗುವುದೇ ಇಲ್ಲವಲ್ಲ! ಬಾಯಿ ಬಿಡುವ ಹಾಗಿಲ್ಲ, ಇವಳು ಕೂತೇ ಇದ್ದಳು. ಅವತ್ತು ರಾತ್ರಿ ನನಗೆ ಫೋನ್ ಮಾಡಿ, “ದೊಡ್ಡಮ್ಮ, ನಾನು ಇಡೀ ಕತೆ ಕಟ್ಟಿದ್ದು ಒಂದು ಅಕ್ಷರದ ಮೇಲೆ, ಆ ಅಕ್ಷರ ಇಲ್ಲಿ ಇಲ್ಲ” ಅಂತ ಅತ್ತಳು.

ಇದು ಅವಳೊಬ್ಬಳ ಗೋಳಲ್ಲ. ಸಾಂಡ್ರಾ ಸಿಸ್ನೆರೋಸ್ 1970ರ ದಶಕದಲ್ಲಿ ಅಯೋವಾದಲ್ಲಿ ಓದಿದವರು, ಷಿಕಾಗೊದ ಮೆಕ್ಸಿಕನ್ ಮೂಲದ ಬಡ ಮನೆಯ ಹುಡುಗಿ. ಸೆಮಿನಾರಿನಲ್ಲಿ ಒಂದು ದಿನ ಮನೆ ಎಂಬ ಕಲ್ಪನೆಯ ಬಗ್ಗೆ ಚರ್ಚೆ. ಅಟ್ಟ, ನೆಲಮಾಳಿಗೆ, ಬಾಲ್ಯದ ಗುಟ್ಟಿನ ಮೂಲೆಗಳು ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ಇವರಿಗೆ ಅಂಥ ಮನೆಯೇ ಇರಲಿಲ್ಲ. ಆ ಅವಮಾನದಿಂದಲೇ, ಇವರ‍್ಯಾರೂ ಬರೆಯಲಾಗದ್ದನ್ನು ಬರೆಯುತ್ತೇನೆ ಎಂಬ ಹಟ ಹುಟ್ಟಿತು ಎಂದು ಆಮೇಲೆ ಹೇಳಿದ್ದಾರೆ. 1984ರಲ್ಲಿ ಬಂದ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಆ ಹಟದ ಫಲ. ಕಾದಂಬರಿಕಾರ ಜೂನೋ ಡಿಯಾಜ್ 2014ರಲ್ಲಿ ಈ ಕೋರ್ಸುಗಳಲ್ಲಿ ಬಿಳಿಯರದೇ ಕಾರುಬಾರು ಎಂದು ಖಾರವಾಗಿಯೇ ಬರೆದರು. ಕಸುಬಿನ ನಿಯಮ ಅಂತ ಕಲಿಸುವುದರಲ್ಲಿ ಎಷ್ಟು ಪಾಲು ಒಂದು ಜನಾಂಗದ ಅಭ್ಯಾಸ ಮಾತ್ರ ಎಂದು ಮ್ಯಾಥ್ಯೂ ಸಲೆಸಸ್ 2021ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಹರಿಕಥೆ ದಾಸರನ್ನು ನೆನೆಸಿಕೊಳ್ಳಿ. ಕತೆ ನಿಲ್ಲಿಸಿ, ಸಭೆ ಕಡೆ ತಿರುಗಿ, “ನೋಡಿದ್ರಾ ದುರ್ಯೋಧನನ ಬುದ್ಧಿ?” ಅಂತ ಕೇಳುತ್ತಾರೆ. ‘ಹೇಳಬೇಡ, ತೋರಿಸು’ ಅಂತ ಅವರಿಗೆ ಹೇಳಿ ನೋಡೋಣ! ಈ ಟೀಕೆಗಳಿಂದ ಒಂದು ಒಳ್ಳೆಯದಾಗಿದೆ. ಈಗ ಎಷ್ಟೋ ಕಡೆ ಬರೆದವರಿಗೂ ಮಾತಾಡಲು ಬಿಡುತ್ತಾರೆ, ನಿನಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮೊದಲೇ ಕೇಳುತ್ತಾರೆ.

ನಮ್ಮ ಹುಡುಗಿಯ ಮೇಷ್ಟ್ರೂ ಮುಂದಿನ ವಾರ ಕರೆದು, ಆ ಕೊನೆಯ ಸಾಲಿನಲ್ಲಿ ನಮಗೆ ಕಾಣದ್ದು ಏನಿತ್ತು ಅಂತ ಕೇಳಿದರಂತೆ. ಕೇಳಿಸಿಕೊಂಡು, ಅನುವಾದ ಮಾಡಬೇಡ, ಆ ಎರಡು ಪದವನ್ನೂ ಕನ್ನಡದಲ್ಲೇ ಬಿಡು ಅಂದರು. ಆದರೆ ಓದುಗನಿಗೆ ಮೊದಲ ಪುಟದಿಂದಲೇ ಅಭ್ಯಾಸ ಮಾಡಿಸು. ಅವಳು ಹಾಗೇ ಮಾಡಿದಳು. ಎರಡನೇ ಪುಟದಲ್ಲಿ ಮದುವೆಯಾದ ಹೊಸದರಲ್ಲಿ ಬಾಯಿತಪ್ಪಿ ‘ನೀನು’ ಅಂದು ಬೈಸಿಕೊಳ್ಳುವ ಒಂದು ಸಣ್ಣ ಪ್ರಸಂಗ ಸೇರಿಸಿದಳು. ಎರಡನೇ ಸಲ ಓದಿದಾಗ ಕ್ಲಾಸು ಕೊನೆಯ ಸಾಲಿನಲ್ಲಿ ಸುಮ್ಮನಾಯಿತಂತೆ. ಮಜಾ ಏನೆಂದರೆ ಆ ಪ್ರಸಂಗ ಕನ್ನಡದ ಕತೆಗೂ ಬೇಕಿತ್ತು. ಈಗ ಕನ್ನಡದಲ್ಲಿ ಬರೆದಾಗಲೂ ಅವಳು ಅದನ್ನು ತೆಗೆದಿಲ್ಲ.

ಇನ್ನು ದುಡ್ಡಿನ ಮಾತು. ನನ್ನನ್ನು ಕೇಳಿದರೆ ಮೊದಲು ಕೇಳಬೇಕಾದ್ದೇ ಇದು: ಆ ಎರಡು ಮೂರು ವರ್ಷದ ಹೊತ್ತಿಗೆ ದುಡ್ಡು ಕಟ್ಟುವವರು ಯಾರು? ಅಮೆರಿಕದಲ್ಲಿ ‘ಫುಲ್ಲಿ ಫಂಡೆಡ್’ ಎನ್ನುವ ಕೋರ್ಸುಗಳಿವೆ. ಅಲ್ಲಿ ಫೀಸು ಪೂರ್ತಿ ಮನ್ನಾ, ಮೇಲೆ ಖರ್ಚಿಗೆ ಸ್ಟೈಪೆಂಡ್. ಕಡಿಮೆ ಕೊಡುವ ಕಡೆ ವರ್ಷಕ್ಕೆ 15ರಿಂದ 20 ಸಾವಿರ ಡಾಲರ್. ಕೈಬಿಚ್ಚಿ ಕೊಡುವ ಕಡೆ 30 ಸಾವಿರ ದಾಟುತ್ತದೆ. ಬದಲಿಗೆ ಸಾಮಾನ್ಯವಾಗಿ ನೀವು ಪದವಿಯ ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡಬೇಕು. ಕತೆಯ ಪಾಠವಲ್ಲ, ಪ್ರಬಂಧ ಬರೆಯುವ ಪಾಠ. ಇಪ್ಪತ್ತು ಹುಡುಗರ ಪೇಪರು ವಾರವಾರ ತಿದ್ದುವುದು ಸಣ್ಣ ಕೆಲಸವಲ್ಲ. ಟೆಕ್ಸಾಸ್‌ನ ಮಿಚನರ್ ಸೆಂಟರಿನಂಥ ಒಂದೆರಡು ಕಡೆ ಪಾಠದ ಹೊರೆಯೂ ಇಲ್ಲ, ಮೂರು ವರ್ಷ ಸುಮ್ನೆ ಬರೆಯಿರಿ ಅನ್ನುತ್ತಾರೆ. ಅಂಥ ಕಡೆ ಸೀಟು ಸಿಗುವುದು ಲಾಟರಿಗೆ ಸಮ.

ಇದರ ಇನ್ನೊಂದು ತುದಿಯೂ ಇದೆ. ದೊಡ್ಡ ನಗರಗಳ ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷದ ಫೀಸೇ ಒಂದು ಲಕ್ಷ ಡಾಲರ್ ದಾಟಬಹುದು. ಮನೆ ಬಾಡಿಗೆ, ಊಟ ಬೇರೆ. ಸೈಟು ಮಾರಿ, ಸಾಲ ಮಾಡಿ ಇಂಥದ್ದಕ್ಕೆ ಹೋಗಬೇಡಿ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಂಪ್ಯೂಟರ್ ಸೈನ್ಸಿನ ಎಂ.ಎಸ್.ಗೆ ಸಾಲ ಮಾಡಿದರೆ ತೀರಿಸುವ ದಾರಿಯಾದರೂ ಇರುತ್ತದೆ. ಕಥಾಸಂಕಲನ ಇ.ಎಂ.ಐ. ಕಟ್ಟುವುದಿಲ್ಲ. ವೀಸಾ ಲೆಕ್ಕವೂ ಬೇರೆ. ಓದು ಮುಗಿದ ಮೇಲೆ ಕೆಲಸಕ್ಕೆಂದು ಸಿಗುವ ಒ.ಪಿ.ಟಿ. ಅವಧಿ 12 ತಿಂಗಳು. ಇಂಜಿನಿಯರುಗಳಿಗೆ ಸಿಗುವ 24 ತಿಂಗಳ ವಿಸ್ತರಣೆ ಎಂ.ಎಫ್.ಎ.ಗೆ ಇಲ್ಲ.

ಬ್ರಿಟನ್ನಿನಲ್ಲಿ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷ. ಬೇಗ ಮುಗಿಯುತ್ತದೆ, ಆದರೆ ಸ್ಟೈಪೆಂಡ್ ಅಪರೂಪ, ಸ್ಕಾಲರ್‌ಶಿಪ್ ಸಿಕ್ಕರೆ ಉಂಟು. ಅಲ್ಲಿ ಪಿಎಚ್.ಡಿ.ಯನ್ನೂ ಹೀಗೆ ಮಾಡಬಹುದು, ಕಾದಂಬರಿ ಜೊತೆಗೆ ಅದರ ಬೆನ್ನಿಗೊಂದು ವಿಮರ್ಶಾತ್ಮಕ ಪ್ರಬಂಧ. ಅನಂತಮೂರ್ತಿ ಬೇರೆ ಬೇರೆಯಾಗಿ ಬರೆದ ಎರಡನ್ನೂ ಇಲ್ಲಿ ಒಂದೇ ಬೈಂಡಿನಲ್ಲಿ ಕೊಟ್ಟ ಹಾಗೆ. ಮನೆ, ಕೆಲಸ ಬಿಡಲಾಗದವರಿಗೆ ‘ಲೋ ರೆಸಿಡೆನ್ಸಿ’ ಎನ್ನುವ ಅಮೆರಿಕದ್ದೇ ಇನ್ನೊಂದು ಬಗೆ ಇದೆ. ವರ್ಷಕ್ಕೆ ಎರಡು ಸಲ ಹತ್ತು ದಿನ ಹೋಗಿ ಬರುವುದು, ಉಳಿದಂತೆ ಒಬ್ಬ ಮೇಷ್ಟ್ರಿಗೆ ಕತೆ ಕಳಿಸಿ ಪತ್ರದಲ್ಲಿ ಪಾಠ. 1976ರಲ್ಲಿ ಗೊಡಾರ್ಡ್ ಕಾಲೇಜಿನಲ್ಲಿ ಶುರುವಾದ ಪದ್ಧತಿ. ಫೀಸು ಮಾತ್ರ ಕೈಯಿಂದಲೇ.

ಭಾರತದಲ್ಲಿ ದಿಲ್ಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ‘ಲಿಟರರಿ ಆರ್ಟ್’ ಹೆಸರಿನಲ್ಲಿ ಎಂ.ಎ. ನಡೆಸುತ್ತದೆ. ಇಗ್ನೋದಲ್ಲಿ ಮನೆಯಿಂದಲೇ ಓದುವ ಡಿಪ್ಲೊಮಾ ಇದೆ. ನಮ್ಮ ಕನ್ನಡ ಎಂ.ಎ.ಗಳಲ್ಲಿ ಪಂಪ, ಕುಮಾರವ್ಯಾಸ, ಛಂದಸ್ಸು, ಮೀಮಾಂಸೆ ಎಲ್ಲ ಓದಿಸುತ್ತಾರೆ. ಸ್ವಂತ ಕತೆ ಸಾಮಾನ್ಯವಾಗಿ ಮಾರ್ಕ್ಸಿಗೆ ಬರುವುದಿಲ್ಲ.

ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯ ಬರವಣಿಗೆಯ ಮಾದರಿ. ಕತೆಯಾದರೆ ಇಪ್ಪತ್ತೈದು ಮೂವತ್ತು ಪುಟ, ಕವಿತೆಯಾದರೆ ಹತ್ತರ ಸುಮಾರು. ನಿಮ್ಮ ಬಿ.ಇ. ಮಾರ್ಕ್ಸು ಎಷ್ಟು, ಜಿ.ಆರ್.ಇ. ಎಂಬ ಪ್ರವೇಶ ಪರೀಕ್ಷೆಯಲ್ಲಿ ಎಷ್ಟು ಅನ್ನುವುದನ್ನು ಯಾರೂ ಹೆಚ್ಚು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಜಿ.ಆರ್.ಇ. ಕೇಳುವುದನ್ನೇ ಬಹಳ ಕಡೆ ಬಿಟ್ಟಿದ್ದಾರೆ. ಜೊತೆಗೆ ಯಾಕೆ ಬರುತ್ತಿದ್ದೀರಿ ಎಂಬ ಒಂದೆರಡು ಪುಟ, ಮೂರು ಶಿಫಾರಸು ಪತ್ರ, ಇಂಗ್ಲಿಷ್ ಬರುತ್ತದೆ ಅಂತ ತೋರಿಸಲು ಟೋಫೆಲ್ಲೋ ಐ.ಇ.ಎಲ್.ಟಿ.ಎಸ್ಸೋ ಎಂಬ ಪರೀಕ್ಷೆ. ಕೊನೆಯ ದಿನಾಂಕಗಳು ಹೆಚ್ಚಾಗಿ ಡಿಸೆಂಬರ್, ಜನವರಿ. ಸೀಟು ಒಪ್ಪಿಕೊಳ್ಳುವುದಕ್ಕೆ ಏಪ್ರಿಲ್ 15ರ ಗಡಿ ಬಹಳ ಕಡೆ ಇದೆ, ಹಾಗಾಗಿ ಒಂದು ಕಡೆ ಹೂಂ ಅನ್ನುವ ಮೊದಲು ಇನ್ನೊಂದು ಕಡೆಯಿಂದ ಎಷ್ಟು ಸ್ಟೈಪೆಂಡ್ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಅಯೋವಾದಂಥ ಕಡೆ ಕತೆಗೆ 25, ಕವಿತೆಗೆ 25, ಹೆಚ್ಚುಕಡಿಮೆ ಇಷ್ಟೇ ಜನರನ್ನು ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಸಣ್ಣ ಕಾಲೇಜುಗಳಲ್ಲಿ ನಾಲ್ಕೋ ಐದೋ. ನಮ್ಮ ಹುಡುಗಿ ಹನ್ನೊಂದು ಕಡೆ ಹಾಕಿದ್ದಳು, ಒಂಬತ್ತು ಕಡೆ ಇಲ್ಲ ಅಂದರು.

ಶಿಫಾರಸು ಪತ್ರದ್ದೇ ಅವಳಿಗೆ ತಲೆನೋವಾಗಿತ್ತು. ಇಂಜಿನಿಯರಿಂಗ್ ಮೇಷ್ಟ್ರು ಏನು ಬರೆಯುತ್ತಾರೆ? “ಈಕೆ ಅಸೈನ್‌ಮೆಂಟ್ ಟೈಮಿಗೆ ಕೊಡುತ್ತಿದ್ದಳು” ಅಂತ. ಕೊನೆಗೆ ಅವಳ ಕತೆ ಹಾಕಿದ್ದ ಪತ್ರಿಕೆಯ ಸಂಪಾದಕರೊಬ್ಬರು ಬರೆದುಕೊಟ್ಟರು. ಅದೇ ಕೆಲಸಕ್ಕೆ ಬಂತು ಅಂತ ನನ್ನ ಅನಿಸಿಕೆ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕನ್ನಡದ ಲೇಖಕರು ಅಯೋವಾಕ್ಕೆ ಹೋಗಿದ್ದಾರಲ್ಲ ಅಂತ ಹೇಳುವವರಿದ್ದಾರೆ. ಹೋಗಿದ್ದಾರೆ. ವಿವೇಕ ಶಾನಭಾಗ 2016ರಲ್ಲಿ ಹೋಗಿದ್ದು ‘ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂ’ಗೆ. ಅದು ಬೇರೆ. 1967ರಲ್ಲಿ ಅದೇ ಪಾಲ್ ಎಂಗಲ್, ಚೀನೀ ಲೇಖಕಿ ನಿಯೆ ಹುವಾಲಿಂಗ್ ಜೊತೆ ಸೇರಿ ಹುಟ್ಟುಹಾಕಿದ್ದು. ಈಗಾಗಲೇ ಪುಸ್ತಕ ಬಂದು ಹೆಸರು ಮಾಡಿದವರನ್ನು ಬೇರೆ ಬೇರೆ ದೇಶಗಳಿಂದ ಕೆಲವು ವಾರ ಕರೆಸಿಕೊಳ್ಳುತ್ತಾರೆ. ಡಿಗ್ರಿ ಇಲ್ಲ, ಪರೀಕ್ಷೆ ಇಲ್ಲ. ನಿಮ್ಮ ಭಾಷೆಯಲ್ಲೇ ಬರೆಯಬಹುದು. ಡಿಗ್ರಿಯ ಕೋರ್ಸು ಇಂಗ್ಲಿಷಿನಲ್ಲಿ. ಕನ್ನಡ ಕತೆ ತಗೊಂಡು ಹೋದರೆ ಓದುವವರಿಲ್ಲ. ಎರಡು ಭಾಷೆಯಲ್ಲೂ ಕೈ ಆಡುವವರಿಗೆ ಇನ್ನೊಂದು ಬಾಗಿಲಿದೆ, ಅದನ್ನು ನಮ್ಮವರು ಕಮ್ಮಿ ತಟ್ಟುತ್ತಾರೆ: ಸಾಹಿತ್ಯಾನುವಾದದ ಎಂ.ಎಫ್.ಎ. ಅಯೋವಾದಲ್ಲೇ ಇದೆ. ಅಲ್ಲಿ ಕನ್ನಡದ ಕಾದಂಬರಿಯನ್ನು ಇಂಗ್ಲಿಷಿಗೆ ತಂದು ಅದನ್ನೇ ಥೀಸಿಸ್ ಮಾಡಬಹುದು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಅನುವಾದ ಎರಡನೇ ದರ್ಜೆ ಕೆಲಸ ಅನ್ನುವವರ ಬಾಯಿ ಸ್ವಲ್ಪ ಕಟ್ಟಿದೆ.

ಓದಿ ಬಂದ ಮೇಲೆ ಏನು? ಅಮೆರಿಕದಲ್ಲಿ ಎಂ.ಎಫ್.ಎ. ಆ ವಿಷಯದ ಕೊನೆಯ ಪದವಿ ಎಂದೇ ಲೆಕ್ಕ, ಅದರ ಮೇಲೆ ಕಾಲೇಜಿನಲ್ಲಿ ಕಲಿಸಬಹುದು. ಆದರೆ ಕಾಯಂ ಕೆಲಸಕ್ಕೆ ಒಂದೆರಡು ಪುಸ್ತಕವಾದರೂ ಬಂದಿರಬೇಕು, ಮತ್ತು ಕೆಲಸಗಳಿಗಿಂತ ಡಿಗ್ರಿಯವರು ಎಷ್ಟೋ ಪಟ್ಟು ಜಾಸ್ತಿ. ನಮ್ಮಲ್ಲಿ ಕಾಲೇಜು ಮೇಷ್ಟ್ರಾಗಲು ಸಾಮಾನ್ಯವಾಗಿ ಆಯಾ ವಿಷಯದ ಎಂ.ಎ., ಮೇಲೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಕೇಳುತ್ತಾರೆ. ಎಂ.ಎಫ್.ಎ. ಹಿಡಿದು ಹೋದರೆ ಆಫೀಸಿನಲ್ಲಿ ಫೈನ್ ಆರ್ಟ್ಸ್ ಅಂದರೆ ಚಿತ್ರಕಲೆ ಅಂದುಕೊಂಡು, “ಏನು ಮೇಡಂ, ಪೇಂಟಿಂಗಾ?” ಅನ್ನುತ್ತಾರೆ. ನಮ್ಮ ಹುಡುಗಿಗೆ ಇದು ನಿಜವಾಗಿ ಆಗಿದೆ. ಈಗ ಅವಳು ಮತ್ತೆ ಒಂದು ಕಂಪನಿಯಲ್ಲಿದ್ದಾಳೆ, ಸಾಫ್ಟ್‌ವೇರಿನ ಕೈಪಿಡಿ ಬರೆಯುತ್ತಾಳೆ, ಬೆಳಗ್ಗೆ ಐದರಿಂದ ಏಳರವರೆಗೆ ಕತೆ.

ಡಿಗ್ರಿ ಇಲ್ಲದೆ ಕನ್ನಡ ಇಷ್ಟು ದೂರ ಬಂದಿದೆ ಅನ್ನುವುದೂ ಸುಳ್ಳಲ್ಲ. ಕಾರಂತರು ಕಾಲೇಜನ್ನೇ ಬಿಟ್ಟವರು. ತೇಜಸ್ವಿ ಕಾಫಿ ತೋಟದಲ್ಲಿದ್ದರು. ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ರಾಸಾಯನಿಕಗಳ ಕಂಪನಿಯಲ್ಲಿ ಕೆಲಸ ಮಾಡುತ್ತಾ ಬರೆದರು. ಅಡಿಗ, ಲಂಕೇಶ್, ಅನಂತಮೂರ್ತಿ ಮೂವರೂ ಇಂಗ್ಲಿಷ್ ಮೇಷ್ಟ್ರುಗಳು. ಆದರೆ ಇವರಿಗೆ ಓದುಗರ ಗುಂಪು ಇರಲಿಲ್ಲ ಅಂದುಕೊಂಡರೆ ಎಡವುತ್ತೇವೆ. ಮೈಸೂರಿನ ಕಾಫಿ ಹೌಸಿನ ಟೇಬಲ್ಲು ಒಂದು ವರ್ಕ್‌ಶಾಪು. ಅಡಿಗರ ‘ಸಾಕ್ಷಿ’ ಪತ್ರಿಕೆ ಇನ್ನೊಂದು. ಹೆಗ್ಗೋಡಿನಲ್ಲಿ ಸುಬ್ಬಣ್ಣ ಕಟ್ಟಿದ ನೀನಾಸಂ, ಅದರ ಶಿಬಿರಗಳು ಮತ್ತೊಂದು. ಹಸ್ತಪ್ರತಿ ಓದಿ ಎಂಟು ಪುಟದ ಕಾಗದ ಬರೆಯುವ ಗೆಳೆಯ ಒಬ್ಬನಿದ್ದರೂ ಸಾಕಿತ್ತು. ಆ ಗುಂಪುಗಳಲ್ಲಿ ಹೆಂಗಸರು ಎಷ್ಟು ಜನ ಕೂರಲು ಸಾಧ್ಯವಿತ್ತು, ಊರಿನ ಹೊರಗಿನ ಕೇರಿಯಿಂದ ಬಂದವರಿಗೆ ಆ ಟೇಬಲ್ಲಿನಲ್ಲಿ ಕುರ್ಚಿ ಎಷ್ಟು ಸಿಗುತ್ತಿತ್ತು ಅನ್ನುವುದು ಬೇರೆ ಪ್ರಶ್ನೆ. ಅರ್ಜಿ ಹಾಕಿ, ಮಾದರಿ ತೋರಿಸಿ, ಒಳಗೆ ಹೋಗುವ ಕೋರ್ಸಿಗೆ ಅಷ್ಟರ ಮಟ್ಟಿಗೆ ಒಂದು ನ್ಯಾಯ ಇದೆ, ಯಾರ ಪರಿಚಯವೂ ಬೇಡ.

ಹೋದ ಮಳೆಗಾಲದಲ್ಲಿ ಅವಳು ವಾಪಸ್ ಬಂದಾಗ ಸೂಟ್‌ಕೇಸು ತೂಕ ಜಾಸ್ತಿಯಾಗಿ ಏರ್‌ಪೋರ್ಟಿನಲ್ಲಿ ದಂಡ ಕಟ್ಟಿದ್ದಳು. ಬಿಚ್ಚಿದರೆ ಚಾಕೊಲೇಟು ಒಂದು ಪೊಟ್ಟಣ, ಉಳಿದದ್ದೆಲ್ಲ ಕಾಗದ. ಆ ಅತ್ತೆ ಸೊಸೆ ಕತೆಯದ್ದೇ ಹನ್ನೆರಡು ಪ್ರತಿ. ಒಂದರಲ್ಲಿ ಹಸಿರು ಶಾಯಿ, ಒಂದರಲ್ಲಿ ಪೆನ್ಸಿಲ್, ಒಂದರಲ್ಲಿ ಕಾಫಿ ಕಲೆ. ಪ್ರತಿ ಪುಟದ ಪಕ್ಕದಲ್ಲೂ ಯಾರ‍್ಯಾರದೋ ಕೈಬರಹ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಪ್ರತಿ ತಿರುವಿ ಹಾಕಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಗೀಟು ಹಾಕಿದ ಸಾಲುಗಳ ಮೇಲೆ ಬೆರಳಾಡಿಸಿದರು.

“ಇಷ್ಟೂ ಜನ ನೀನು ಬರೆದಿದ್ದನ್ನು ಕೂತು ಓದಿದ್ರಾ?”

“ಹೂಂ ಅಜ್ಜಿ. ಎರಡೆರಡು ಸಲ.”

“ಅವರಿಗೆ ಬೇರೆ ಕೆಲಸ ಇರಲಿಲ್ವೇನೇ?”

“ಅದೇ ಕೆಲಸ ಅಜ್ಜಿ.”

ಅಮ್ಮ ಇನ್ನೊಂದು ಪ್ರತಿ ಎತ್ತಿಕೊಂಡರು.